ಮಗನ ಜೊತೆ ಅಮ್ಮನನ್ನೂ ನೋಡಿ

ಪ್ರಶ್ನೆ: ಅಕ್ಕ, ನಮ್ಮ ಪಂಚಾಯ್ತಿಗೆ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿ ಈಚೆಗೆ ಸೇರಿದ್ದೇನೆ. ಅಂಗವಿಕಲರಿಗೆ ಯುಡಿಐಡಿ ಎಂಬ ಗುರುತಿನ ಕಾರ್ಡು, ಪಿಂಚಣಿ ಮಾಡಿಸಿಕೊಡುತ್ತೇನೆ. ಆದರೆ ಅವರನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಅಮ್ಮಂದಿರಿಗೆ ಏನು ಮಾಡಲಿ? ಕೇಳಿದರೆ ‘ನಂಗೇನಾಗಿದೆ’ ಅಂತಾರೆ.
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ತಂಗಿ, ಈ ಪ್ರಶ್ನೆ ಕೇಳಿದ್ದಕ್ಕೇ ನಿಮ್ಮ ಮೇಲೆ ಪ್ರೀತಿ ಬಂತು. ‘ಹೇಗಿದ್ದೀರಿ’ ಅಂದರೆ ಯಾರೂ ಬಾಯಿ ಬಿಡಲ್ಲ. ‘ರಾತ್ರಿ ಎಷ್ಟು ಸಲ ಎದ್ರಿ? ಬೆಳಗ್ಗೆ ತಿಂಡಿ ಎಷ್ಟೊತ್ತಿಗೆ ತಿಂದ್ರಿ?’ ಅಂತ ಕೇಳಿ. ಮಾತು ಅಲ್ಲಿಂದ ಶುರುವಾಗುತ್ತೆ.

ಆಮೇಲೆ ಅಮ್ಮನ ಸೊಂಟ ನೋಡಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಗ ಚಿಕ್ಕವನಿದ್ದಾಗ ಕಂಕುಳಲ್ಲಿ ಎತ್ತುತ್ತಿದ್ದ ಅಮ್ಮ, ಅವನು ಎದೆಮಟ್ಟ ಬೆಳೆದ ಮೇಲೂ ಹಾಗೇ ಎತ್ತುತ್ತಾಳೆ. ಗಾಲಿಕುರ್ಚಿಯನ್ನು ಮಂಚಕ್ಕೆ ತಾಗಿಸಿ ಬ್ರೇಕ್ ಹಾಕಿಸಿ. ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಲಿ. ಮಗನನ್ನು ಮೈಗೆ ಒತ್ತಿ ಹಿಡಿಯಲಿ. ಮೈ ತಿರುಚದೆ ಪಾದ ಸರಿಸಿ ತಿರುಗಲಿ. ಭಾರ ಜಾಸ್ತಿಯಿದ್ದರೆ ಒಬ್ಬರೇ ಎತ್ತಲೇಬಾರದು. ಫಿಸಿಯೋಥೆರಪಿಸ್ಟ್ ಸಿಕ್ಕಿದರೆ ಅಮ್ಮನಿಗೇ ಕಲಿಸಲು ಹೇಳಿ.

ವಾರಕ್ಕೊಂದು ಮಧ್ಯಾಹ್ನವಾದರೂ ಅವಳಿಗೆ ಬಿಡುವು ಬೇಕು. ಗಂಡನೋ ನಾದಿನಿಯೋ ಕೂರಲಿ. ಈ ಮಾತನ್ನು ಗಂಡನ ಎದುರಿಗೇ ಆಡಿ. ಅವಳೊಬ್ಬಳ ಹತ್ತಿರ ಹೇಳಿ ಪ್ರಯೋಜನವಿಲ್ಲ, ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೆತ್ತಿದೆ. ನಿಮ್ಮಲ್ಲಿ ಯಾರಿಗೆ ಸಿಗುತ್ತೆ ಅಂತ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯೂ ಅವರನ್ನು ಬೆನ್ನುಬಿಡದೆ ಕೇಳಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ.

ಅಮ್ಮ ಊಟ ಬಿಟ್ಟು ಸುಮ್ನೆ ಕೂರುತ್ತಿದ್ದರೆ, ಸಾಯುವ ಮಾತಾಡಿದರೆ ತಡ ಮಾಡಬೇಡಿ. ಪಕ್ಕದಲ್ಲೇ ಕೂತು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಹಚ್ಚಿಕೊಡಿ. ಕನ್ನಡದಲ್ಲೇ ಮಾತಾಡುತ್ತಾರೆ.