ಗೆದ್ದವರನ್ನಷ್ಟೇ ಕೇಳಿದ್ದೀರಿ

ಉದ್ಯಮದ ಗೆಲುವಿನ ಕುರಿತ ನಿಮ್ಮ ಪ್ರಬಂಧಕ್ಕಾಗಿ 40 ಉದ್ಯಮಿಗಳನ್ನು ಸಂದರ್ಶಿಸಿದರೂ ಪರೀಕ್ಷಕರು ‘ಮಾದರಿ (ಅಧ್ಯಯನಕ್ಕೆ ಆಯ್ದ ಗುಂಪು) ಒಂದೇ ಕಡೆಗೆ ವಾಲಿದೆ’ ಎಂದದ್ದಕ್ಕೆ ಕಾರಣ ಬಹುಶಃ ಸಂಖ್ಯೆಯಲ್ಲ. ಆ 40 ಮಂದಿಯೂ ಇಂದಿಗೂ ಉದ್ಯಮ ನಡೆಸುತ್ತಿರುವವರು. ‘ಧೈರ್ಯವೇ ಗೆಲುವಿನ ಗುಟ್ಟು’ ಎಂದಿದ್ದೀರಿ, ಬಾಗಿಲು ಮುಚ್ಚಿದವರೂ ಅಷ್ಟೇ ಧೈರ್ಯವಂತರಾಗಿದ್ದರೆ? 1943ರಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಯುದ್ಧವಿಮಾನಗಳ ಗುಂಡೇಟುಗಳನ್ನು ಅಧ್ಯಯನ ಮಾಡುವಾಗ ಮರಳಿ ಬಾರದ ವಿಮಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಇದಕ್ಕೇ: ಮರಳಿದವನ್ನಷ್ಟೇ ನೋಡಿದರೆ, ಬಿದ್ದವಕ್ಕೆ ಎಲ್ಲಿ ಪೆಟ್ಟಾಯಿತೆಂದು ತಿಳಿಯದು.

ಮೊದಲು ನೋಂದಣಿ ಪಟ್ಟಿಯಿಂದ ಒಂದೇ ವರ್ಷ ಆರಂಭವಾದ ಉದ್ಯಮಗಳನ್ನು ಹೆಕ್ಕಿ, ಮುಚ್ಚಿಹೋದವನ್ನು ಗುರುತಿಸಿ. ಆಮೇಲೆ ಅವುಗಳ ಸ್ಥಾಪಕರಲ್ಲಿ ಹತ್ತು-ಹದಿನೈದು ಜನರಿಗೆ ಅದೇ ಪ್ರಶ್ನಾವಳಿ ಕೊಡಿ. ‘ಏಕೆ ಸೋತಿರಿ’ ಎಂದು ಶುರುಮಾಡಬೇಡಿ, ಫೋನ್ ಇಟ್ಟುಬಿಡುತ್ತಾರೆ. ‘ಕೊನೆಯ ಆರು ತಿಂಗಳು ಹೇಗಿತ್ತು’ ಎಂದು ಕೇಳಿ. ಯಾರೂ ಸಿಗದಿದ್ದರೆ ಶೀರ್ಷಿಕೆಗೆ ‘ಉಳಿದುಕೊಂಡ ಉದ್ಯಮಗಳ’ ಎಂದು ಸೇರಿಸಿ, ಮಿತಿಯನ್ನು ಸ್ಪಷ್ಟವಾಗಿ ಬರೆಯಿರಿ. ಇಷ್ಟಕ್ಕೇ ಪರೀಕ್ಷಕರು ಒಪ್ಪಲಿಕ್ಕಿಲ್ಲ. ಸಲ್ಲಿಸುವ ಮುನ್ನ ಮಾರ್ಗದರ್ಶಕರಿಗೆ ತೋರಿಸಿ.