ಕಂಪ್ಯೂಟರ್ ಕೇಸ್ ಒಳಗಿನ ಎಲ್‌ಇಡಿ ಪಟ್ಟಿಯ ಕೊನೆಯಲ್ಲಿ ಬಿಳಿ ಬಣ್ಣ ಕೆಂಪಗೆ ಕಾಣುವುದೇಕೆ?

ಪಟ್ಟಿ ಕೆಟ್ಟಿರುವುದಲ್ಲ, ಕೊನೆಯ ದೀಪಗಳಿಗೆ ಸಾಕಷ್ಟು ವೋಲ್ಟೇಜ್ ತಲುಪುತ್ತಿಲ್ಲ. 5 ವೋಲ್ಟ್‌ನ ಎಆರ್‌ಜಿಬಿ ಪಟ್ಟಿಯಲ್ಲಿ (ಒಂದೊಂದು ದೀಪದ ಬಣ್ಣವನ್ನೂ ಬೇರೆಬೇರೆ ಹೊಂದಿಸಬಹುದಾದದ್ದು) ಸಾಮಾನ್ಯವಾಗಿ ಪ್ರತಿ ದೀಪ ಪೂರ್ತಿ ಬಿಳಿಯಲ್ಲಿ 60 ಮಿಲಿಆಂಪ್‌ವರೆಗೂ ಎಳೆಯುತ್ತದೆ. 60 ದೀಪಕ್ಕೆ 3.6 ಆಂಪ್ ಆಯಿತು. ಅಷ್ಟು ಕರೆಂಟು ಪಟ್ಟಿಯ ತೆಳು ತಾಮ್ರದಲ್ಲಿ ಹರಿಯುವಾಗ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ನೀಲಿ, ಹಸಿರು ಬೆಳಗಲು ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು. ಹಾಗಾಗಿ ನೀಲಿ ಮೊದಲು ಮಂಕಾಗುತ್ತದೆ, ಕೆಂಪು ಉಳಿದುಕೊಳ್ಳುತ್ತದೆ.

ಮದರ್‌ಬೋರ್ಡಿನ ಮೂರು ಪಿನ್ನಿನ ಹೆಡರ್ (ಪಟ್ಟಿಯ ವೈರ್ ಸಿಕ್ಕಿಸುವ ಜಾಗ) ಸಾಮಾನ್ಯವಾಗಿ 3 ಆಂಪ್‌ವರೆಗೆ ಮಾತ್ರ ಕೊಡುತ್ತದೆ. ಮೊದಲು ಹೊಳಪನ್ನು ಅರ್ಧಕ್ಕೆ ಇಳಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಪವರ್ ಸಪ್ಲೈಯಿಂದ ನೇರ ಬರುವ ಸಾಟಾ ಪವರ್‌ನಿಂದ ನಡೆಯುವ ಎಆರ್‌ಜಿಬಿ ಹಬ್ (ಹಲವು ಪಟ್ಟಿಗಳನ್ನು ಸಿಕ್ಕಿಸುವ ಚಿಕ್ಕ ಪೆಟ್ಟಿಗೆ) ಹಾಕಿ, ಒಂದು ಉದ್ದ ಪಟ್ಟಿಯ ಬದಲು ಎರಡು ಗಿಡ್ಡ ಪಟ್ಟಿಗಳನ್ನು ಬೇರೆಬೇರೆ ಪೋರ್ಟಿಗೆ ಸಿಕ್ಕಿಸಿ. ಹಬ್ ಅನ್ನು ಮದರ್‌ಬೋರ್ಡ್ ಟ್ರೇ (ಬೋರ್ಡ್ ಕೂರಿಸುವ ತಗಡು) ಹಿಂದೆ ಅಂಟಿಸಿದರೆ ವೈರುಗಳೂ ಮರೆಯಾಗುತ್ತವೆ. ಸೈಡ್ ಪ್ಯಾನೆಲ್ ಮುಚ್ಚುವಾಗ ಅವು ಸಿಕ್ಕಿ ನಜ್ಜುಗುಜ್ಜಾಗದಂತೆ ಟೈ ಕಟ್ಟಿ. ನಾಲ್ಕು ಪಿನ್ನಿನ 12 ವೋಲ್ಟ್ ಹೆಡರಿಗೆ ಈ ಪಟ್ಟಿಯನ್ನು ಎಂದೂ ಜೋಡಿಸಬೇಡಿ, ದೀಪಗಳು ಸುಟ್ಟುಹೋಗುತ್ತವೆ.