ಒಂದೇ ಯಂತ್ರದಲ್ಲಿ ಶೇಂಗಾ ಮಂಡಕ್ಕಿ, ಶೇಂಗಾ ಇಲ್ಲದ ಅವಲಕ್ಕಿ: ಅಲರ್ಜಿ ತಡೆಯುವುದು ಹೇಗೆ?

ದಾವಣಗೆರೆಯ ನಿಮ್ಮ ಘಟಕದಲ್ಲಿ ಶೇಂಗಾ ಹಾಕಿದ ಖಾರ ಮಂಡಕ್ಕಿಯನ್ನೂ ಶೇಂಗಾ ಇಲ್ಲದ ಅವಲಕ್ಕಿಯನ್ನೂ ಒಂದೇ ಪ್ಯಾಕಿಂಗ್ ಯಂತ್ರದಲ್ಲಿ ತುಂಬುತ್ತೀರಿ ಎಂದಿದ್ದೀರಿ. ಮೊದಲು ಸರದಿ ಬದಲಿಸಿ: ಬೆಳಿಗ್ಗೆ ಶುಚಿಯಾದ ಯಂತ್ರದಲ್ಲಿ ಅವಲಕ್ಕಿ, ಕೊನೆಗೆ ಮಂಡಕ್ಕಿ.

ಶುಚಿ ಮಾಡುವುದೇ ನಿಜವಾಗಿ ಕಷ್ಟದ ಕೆಲಸ. ಗಾಳಿ ಊದಬೇಡಿ, ಪುಡಿ ಹಾರಿ ಪಕ್ಕದ ತಟ್ಟೆಯಲ್ಲಿ ಕೂರುತ್ತದೆ. ನೀರು ಹೊಯ್ದರೆ ಸಂದಿಗಳಲ್ಲಿ ತೇವ ಉಳಿದು ಬೂಸ್ಟು ಹಿಡಿಯುತ್ತದೆ. ವ್ಯಾಕ್ಯೂಮ್‌ನಿಂದ ಎಳೆದು, ಹಾಪರ್ (ತಿಂಡಿ ಸುರಿಯುವ ಬಾಯಿ) ಬಿಚ್ಚಿ, ಟಾರ್ಚ್ ಹಿಡಿದು ನೋಡಿ. ಬೋಲ್ಟಿನ ತಲೆಯ ಅಡಿಯಲ್ಲಿ ಶೇಂಗಾದ ಕೆಂಪು ಸಿಪ್ಪೆ ಅಂಟಿಕೊಂಡಿರುತ್ತದೆ! ಕಣ್ಣಿಗೆ ಕಾಣದ್ದಕ್ಕೆ ಶೇಂಗಾ ಪ್ರೋಟೀನ್ ಪತ್ತೆಹಚ್ಚುವ ಸ್ವಾಬ್ ಕಿಟ್ (ಯಂತ್ರವನ್ನು ಕಡ್ಡಿಯಿಂದ ಒರೆಸಿ ಪರೀಕ್ಷಿಸುವ ಸಾಧನ) ಬಳಸಿ. ಹುರಿದರೆ ಅಲರ್ಜಿಯ ಗುಣ ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಶೇಂಗಾ ಕರಿದ ಎಣ್ಣೆಯಲ್ಲಿ ಅವಲಕ್ಕಿ ಕರಿಯಲೇಬೇಡಿ.

ಇಷ್ಟಾದರೂ ಬೆರೆಯುವ ಸಾಧ್ಯತೆ ಉಳಿದರೆ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಅವಕಾಶವಿರುವಂತೆ ‘ಶೇಂಗಾ ಇರಬಹುದು’ ಎಂದು ಪೊಟ್ಟಣದ ಮೇಲೆ ಮುದ್ರಿಸಿ. ಶುಚಿ ಮಾಡದಿರಲು ಅದು ನೆಪವಾಗಬಾರದು. ತೀವ್ರ ಅಲರ್ಜಿಯಿರುವ ಮಗುವಿಗೆ ಶೇಂಗಾದ ಒಂದು ಚೂರು ಹೊಟ್ಟೆಗೆ ಹೋದರೂ ಗಂಟಲು ಊದಿ ಉಸಿರು ಕಟ್ಟಬಹುದು. ಉಳಿದ ಮಂಡಕ್ಕಿಯನ್ನು ಮರುದಿನದ ಅವಲಕ್ಕಿಗೆ ಬೆರೆಸುವ ರೂಢಿಯಿದ್ದರೆ ಇಂದೇ ನಿಲ್ಲಿಸಿ.